ಕಂಥಾಸಖಿಯರು

ಸಂಸ್ಕೃತ ಕವಿಗಳಿಗೆ ಕಂಥೆಯೆಂದೊಡನೆ ನೆನಪಾಗುವದು ವೈರಾಗ್ಯ. ಭರ್ತೃಹರಿಯ ವೈರಾಗ್ಯಶತಕದಲ್ಲಿ ಭಿಕ್ಷಾನ್ನ, ನೆಲದ ಹಾಸಿಗೆ ಇವುಗಳ ಸಾಲಿನಲ್ಲಿಯೇ ನೂರು ಚಿಂದಿಗಳ ಕಂಥೆಯೂ ಎಣಿಕೆಗೆ ಬಂದಿದೆ. ಸರ್ವಸ್ವವನ್ನೂ ತೊರೆದವನ ಮೈಮೇಲೆ ಉಳಿಯತಕ್ಕ ಕಟ್ಟಕಡೆಯ ಸೊತ್ತು ಅದು. ಆದರೆ ಆ ನೂರು ಚಿಂದಿಗಳನ್ನು ಆಯ್ದು ತಂದವರಾರು, ಅವನ್ನು ಕೂಡಿಸಿ ಹೊಲಿದ ಬೆರಳುಗಳಾವುವು ಎಂದು ವಿಚಾರಿಸುವ ಗೋಜಿಗೆ ಕವಿಯು ಹೋಗುವದಿಲ್ಲ. ವಿರಕ್ತನಿಗೆ ಅದರ ಅವಶ್ಯಕತೆಯೂ ಇಲ್ಲವೆನ್ನಿ.

ಅಂಥದೇ ಕಂಥೆಯು ಕನ್ನಡ ನಾಡಿನ ಒಕ್ಕಲಮನೆಯಲ್ಲಿ ಕೌದಿಯೆನಿಸಿದೊಡನೆ ಅದರ ಅರ್ಥವೇ ತಿರುಗಿ ನಿಲ್ಲುವದು. ಗೃಹಸ್ಥಾಶ್ರಮದಲ್ಲಿ ಕೌದಿಯಷ್ಟು ಮಮತೆಗೆ ಅಂಟಿಕೊಂಡ ವಸ್ತು ಮತ್ತೊಂದು ಸಿಗುವದು ದುರ್ಲಭ. ಅಜ್ಜಿಯ ಸವೆದ ಇಲಕಲ್ಲ ಸೀರೆ, ಅಜ್ಜನ ಧೋತರ, ಬೆಳೆದು ದೊಡ್ಡದಾದ ಕೂಸಿನ ಸಣ್ಣ ಅಂಗಿ, ಕುಪ್ಪಸದ ಖಣದ ಉಳಿದ ತುಂಡು, ಇವೆಲ್ಲ ಪದರುಪದರಾಗಿ ಕೂಡಿ ಒಂದು ಹೊದಿಕೆಯಾಗುವವು. ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲಿ ಹೊಲಿಗೆ ಮುಗಿಯುವ ಹೊತ್ತಿಗೆ ಕೌದಿಯೊಳಗೆ ರೊಟ್ಟಿಯ ಚೂರನ್ನಿಟ್ಟು ಅದರ ‘ಹೊಟ್ಟೆ ತುಂಬಿಸುವ’ ರೂಢಿಯೂ ಉಂಟು. ಹೊದ್ದವರ ಹೊಟ್ಟೆ ತುಂಬಿರಲೆಂಬ ಹಾರೈಕೆ ಅದರೊಳಗೆ ಅಡಗಿರುವದು. ವೈರಾಗ್ಯಕ್ಕೂ ಇದಕ್ಕೂ ಎಷ್ಟು ದೂರ!

ಈ ಲೇಖನದ ವಿಷಯವು ಮಾತ್ರ ಕನ್ನಡ ನಾಡಿನ ಕೌದಿಯಲ್ಲ. ಅಮೇರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣದಲ್ಲಿರುವ ಅಲಬಾಮಾ ಸಂಸ್ಥಾನದ ಒಂದು ಬಡ ಸೀಮೆಯ ಹೆಂಗಸರು ಹೊಲಿದ ಕೌದಿ. ಕೌದಿಯ ಪರಿಚಯವಿದ್ದ ವಾಚಕರಿಗೆ ಆ ದೂರದ ಕಥೆಯು ಬೇರೆ ನಾಡಿನದೆಂದು ತೋರಲಾರದು.

ಅಲ್ಲಿಯ ಕೌದಿಗೆ ಮೂರು ಪದರುಗಳು. ಮೇಲಿನದು ತುಂಡರಿವೆಗಳನ್ನು ಜೋಡಿಸಿದ ಮುಖ, ನಡುವೆ ಹತ್ತಿ, ಕೆಳಗೆ ಅಸ್ತರು. ಮುಖದ ಜೋಡಣೆಯನ್ನು ಪ್ರತಿಯೊಬ್ಬಳೂ ತನ್ನ ಮನೆಯಲ್ಲಿ, ಹೊಲದ ಕೆಲಸವೂ ಅಡಿಗೆಯ ಕೆಲಸವೂ ಮುಗಿದ ಮೇಲೆ, ಒಬ್ಬಳೇ ಕುಳಿತು ಮಾಡುವಳು. ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣ ಕೂಡಬೇಕೆಂಬದು ಅವಳ ಸ್ವಂತ ವಿಚಾರ; ಅದರಲ್ಲಿ ನೆರೆಯವಳು ಕೈಹಾಕುವಂತಿಲ್ಲ. ಆದರೆ ಮೂರು ಪದರುಗಳನ್ನೂ ಸೇರಿಸಿ ಹೊಲಿಯುವ ಕೆಲಸ ದೊಡ್ಡದು. ಅದಕ್ಕಾಗಿ ಮರದ ಚೌಕಟ್ಟೊಂದಕ್ಕೆ ಕೌದಿಯನ್ನು ಬಿಗಿದು, ಸುತ್ತಲೂ ನಾಲ್ಕಾರು ಹೆಂಗಸರು ಕುಳಿತು, ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುವರು. ಈ ಚೌಕಟ್ಟನ್ನು ಅನೇಕ ಮನೆಗಳಲ್ಲಿ ಹಗ್ಗಗಳಿಂದ ಮಾಳಿಗೆಗೆ ತೂಗಹಾಕಿರುವರು. ಕೆಲಸವಿಲ್ಲದಾಗ ಮೇಲಕ್ಕೆಳೆದು ಕಟ್ಟಿದರೆ ಕೆಳಗೆ ಮಕ್ಕಳು ಮಲಗಲು ಎಡೆಯಾಗುವದು. ಹೀಗೆ ಕೂಡಿ ಹೊಲಿಯುವದಕ್ಕೆ ಅವರು ‘ಬೀ’ ಎಂದು ಹೆಸರಿಟ್ಟುಕೊಂಡಿರುವರು. ಆ ಶಬ್ದವನ್ನು ಕೇಳಿ ಜೇನ್ನೊಣವೆಂದು ಅರ್ಥಮಾಡುವವರು ಬಹಳ. ನೆರೆಹೊರೆಯವರು ಒಬ್ಬರ ಕೆಲಸಕ್ಕೆ ಎಲ್ಲರೂ ಕೂಡುವದೆಂಬ ಅರ್ಥದಲ್ಲಿ ಅಲ್ಲಿಯ ಜನ ಅದನ್ನು ಬಳಸುವರು. ಕನ್ನಡದ ಒಕ್ಕಲಿಗನಿಗೆ ಇದನ್ನು ತಿಳಿಸಿ ಹೇಳಬೇಕಾದದ್ದೇನೂ ಇಲ್ಲ. ಇಂದು ಇವರ ಹೊಲದಲ್ಲಿ, ನಾಳೆ ಅವರ ಹೊಲದಲ್ಲಿ, ಕೂಲಿಯಿಲ್ಲದೆ ಕೈಗೆ ಕೈ ತೀರಿಸುವ ಮುಯ್ಯಾಳಿನ ಪದ್ಧತಿಯೇ ಅದು. ಇಂದು ಇವಳ ಕೌದಿ ಚೌಕಟ್ಟಿನ ಮೇಲಿದ್ದರೆ ನಾಳೆ ಅವಳದು. ಹೊಲಿಗೆಯ ಜೊತೆಗೆ ದೇವರ ಹಾಡು, ಸುಖದುಃಖದ ಮಾತು, ಊರಿನ ಸುದ್ದಿ ಎಲ್ಲವೂ ಸಾಗುವದು. ಯಾವ ಹೊಲಿಗೆ ಯಾರದೆಂದು ಮುಗಿದ ಕೌದಿಯಲ್ಲಿ ಕಣ್ಣುಳ್ಳವರು ಗುರುತಿಸಬಲ್ಲರು.

ಈ ಸ್ತ್ರೀಯರ ಊರಿನ ಪೂರ್ವಕಥೆಯನ್ನು ತಿಳಿಯದಿದ್ದರೆ ಮುಂದಿನದು ಅರ್ಥವಾಗುವದಿಲ್ಲ. ಅಲಬಾಮಾ ನದಿಯು ವಿಲ್ಕಾಕ್ಸ್ ಪ್ರಾಂತದಲ್ಲಿ ಹಾವಿನಂತೆ ಹೊರಳಿ, ಒಂದು ಭೂಭಾಗವನ್ನು ಮೂರು ಕಡೆಯಿಂದ ಸುತ್ತುವರಿದಿದೆ. ಆ ತಿರುವಿಗೆ ಗೀಸ್ ಬೆಂಡ್ ಎಂದು ಹೆಸರು. 1816ರಲ್ಲಿ ಜೋಸೆಫ್ ಗೀ ಎಂಬ ಜಮೀನುದಾರನು ಗುಲಾಮರನ್ನು ತಂದು ಅಲ್ಲಿ ಹತ್ತಿ ಬೆಳೆಯತೊಡಗಿದನು. 1845ರಲ್ಲಿ ಆ ಜಮೀನು ಸಾಲದ ಲೆಕ್ಕದಲ್ಲಿ ಮಾರ್ಕ್ ಪೆಟ್ವೇ ಎಂಬವನ ವಶವಾಯಿತು. ಅವನು ತನ್ನ ಗುಲಾಮರನ್ನು ಉತ್ತರ ಕೆರೊಲೈನಾದಿಂದ ಅಲ್ಲಿಯವರೆಗೆ ಕಾಲ್ನಡಿಗೆಯಲ್ಲಿ ಕರೆತಂದನು. ಆ ಗುಲಾಮರ ಸಂತತಿಯಲ್ಲಿ ಬಹುಮಂದಿಯ ಮನೆತನದ ಹೆಸರು ಇಂದಿಗೂ ಪೆಟ್ವೇ ಎಂದೇ. ರಕ್ತಸಂಬಂಧವಿಲ್ಲದವರಿಗೂ ಅದೇ ಹೆಸರು. ಯಜಮಾನನ ಗುರುತು ಗೋತ್ರದಂತೆ ಅಂಟಿಕೊಂಡದ್ದು ಹೀಗೆ.

ಗುಲಾಮಗಿರಿ ಹೋದ ಮೇಲೆ ಅವರು ಪಾಲುಗೇಣಿಯ ರೈತರಾದರು. ಬೀಜ, ಗೊಬ್ಬರ, ಕಾಳುಕಡಿಗಾಗಿ ಸಾಲ, ಸುಗ್ಗಿಯಲ್ಲಿ ಸಾಲಕ್ಕೆ ಬೆಳೆ, ಮತ್ತೆ ಸಾಲ. 1932ರಲ್ಲಿ ಸಾಲಕೊಟ್ಟ ವ್ಯಾಪಾರಿಯೊಬ್ಬನು ತೀರಿಕೊಳ್ಳಲು, ಅವನ ವಿಧವೆಯ ಕಡೆಯವರು ಬಂದು ಸುಮಾರು 60 ಕುಟುಂಬಗಳ ದನಕರು, ನೇಗಿಲು, ಗಾಡಿ, ಸಂಗ್ರಹಿಸಿಟ್ಟ ಕಾಳುಗಳನ್ನು ಸಹ ಹೊತ್ತುಕೊಂಡು ಹೋದರು. ಆ ಚಳಿಗಾಲವನ್ನು ಜನ ಹೇಗೆ ಕಳೆದರೋ ಅದನ್ನು ಊಹಿಸಿಕೊಳ್ಳುವದೇ ಮೇಲು. ಬಳಿಕ ಅಧ್ಯಕ್ಷ ರೂಸ್‌ವೆಲ್ಟರ ಕಾಲದಲ್ಲಿ ಸರಕಾರವು ಜಮೀನನ್ನು ಕೊಂಡು, ಮನೆಗಳನ್ನು ಕಟ್ಟಿಸಿ, 1940ರ ದಶಕದಲ್ಲಿ ರೈತರಿಗೇ ಅಲ್ಪ ಬಡ್ಡಿಯ ಕಂತಿನ ಮೇಲೆ ಮಾರಿತು. ಹೀಗಾಗಿ ಗೀಸ್ ಬೆಂಡಿನ ಅನೇಕರಿಗೆ ಕಾಲಡಿಯ ನೆಲವಾದರೂ ಸ್ವಂತವಾಯಿತು. ಸುತ್ತಲಿನ ಊರುಗಳವರಿಗೆ ಅದೂ ಇರಲಿಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು.

ಇಂಥವರ ಕೌದಿ ಶೋಭೆಗಾಗಿ ಹುಟ್ಟಿದ್ದಲ್ಲ. ಮರದ ದಿಮ್ಮಿಗಳ ಗುಡಿಸಲುಗಳಲ್ಲಿ ಸಂದುಸಂದಿನಿಂದಲೂ ಗಾಳಿ ನುಗ್ಗುತ್ತಿತ್ತು. ಗೋಡೆಗೆ ವರ್ತಮಾನಪತ್ರಗಳನ್ನು ಅಂಟಿಸಿ, ಮಕ್ಕಳ ಮೇಲೆ ಕೌದಿಗಳನ್ನು ಹೇರಿ ಚಳಿಯನ್ನು ತಡೆಯುತ್ತಿದ್ದರು. ದುಡಿಮೆಯ ಷರಾಯಿ, ಗೊಬ್ಬರದ ಚೀಲ, ಹಿಟ್ಟಿನ ಚೀಲ, ಸಿಕ್ಕಿದ್ದೆಲ್ಲ ಅರಿವೆಯೇ. ಷರಾಯಿಯ ಮೊಣಕಾಲು ಸವೆದು ಮಾಸಿದ ನೀಲಿಯಾದರೆ, ಜೇಬನ್ನು ಬಿಚ್ಚಿ ತೆಗೆದ ಜಾಗದಲ್ಲಿ ಹಳೆಯ ಕಡುನೀಲಿ ಹಾಗೆಯೇ ಉಳಿದಿರುವದು. ಆ ಎರಡು ನೀಲಿಗಳನ್ನು ಪಕ್ಕಪಕ್ಕಕ್ಕೆ ಕೂಡಿಸುವ ಜಾಣತನವನ್ನು ಅವರಿಗೆ ಯಾವ ಶಾಲೆಯೂ ಕಲಿಸಲಿಲ್ಲ.

ಮಿಸ್ಸೂರಿ ಪೆಟ್ವೇ ಎಂಬವಳು 1942ರಲ್ಲಿ ತನ್ನ ಗಂಡನು ತೀರಿಕೊಂಡ ಮೇಲೆ ಅವನು ಹೊಲದಲ್ಲಿ ಉಡುತ್ತಿದ್ದ ಬಟ್ಟೆಗಳನ್ನೆಲ್ಲ ಮಗಳ ಸಹಾಯದಿಂದ ಒಂದೇ ಕೌದಿಯಾಗಿ ಹೊಲಿದಳು. ಅವನನ್ನು ನೆನೆಯುವದಕ್ಕೂ ಹೊದೆಯುವದಕ್ಕೂ ಅದೊಂದೇ. ಬೂದು, ನೀಲಿ, ಮಾಸಿದ ಬಿಳಿ, ಅಲ್ಲಲ್ಲಿ ಸ್ವಲ್ಪ ಕೆಂಪು. ಬೆವರಿಗೂ ಬಿಸಿಲಿಗೂ ಮಂಕಾದ ಬಣ್ಣಗಳು. ಮೃತರ ಬಟ್ಟೆಯನ್ನು ದಾನಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿಯಲ್ಲಿ ಬೆಳೆದವರಿಗೆ ಇದು ವಿಚಿತ್ರವೆನಿಸೀತು. ಆದರೆ ಅತ್ತೆಯ ಸೀರೆಯ ಸೆರಗನ್ನು ಕೌದಿಯ ನಡುವೆ ಜೋಪಾನವಾಗಿ ಇಟ್ಟು ಹೊಲಿದ ಸೊಸೆಯಂದಿರು ಕನ್ನಡ ನಾಡಿನಲ್ಲಿಯೂ ಇಲ್ಲದಿಲ್ಲ.

ಆ ಸೀಮೆಯ ಕೌದಿಗಳ ಮಾದರಿಗಳಿಗೆ ಚೆಂದಾದ ಹೆಸರುಗಳಿವೆ. ‘ಮನೆಯ ಮಾಡು’ ಎಂಬರ್ಥದ ಮಾದರಿಯಲ್ಲಿ ನಡುವೆ ಒಂದು ಚೌಕವಿದ್ದು, ಅದರ ಸುತ್ತ ಪಟ್ಟಿಯ ಮೇಲೆ ಪಟ್ಟಿ ಕೂಡುತ್ತ ಹೊರಕ್ಕೆ ಬೆಳೆಯುವದು. ‘ಸೋಮಾರಿ ಹುಡುಗಿ’ ಎಂಬದರಲ್ಲಿ ಬರೀ ಉದ್ದನೆಯ ಪಟ್ಟಿಗಳು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿರುವ, ಆಫ್ರಿಕೆಯ ಮೂಲದವರೇ ಆದ ಸಿದ್ದಿ ಜನರ ಹೆಂಗಸರೂ ಕೌದಿ ಹೊಲಿಯುವದರಲ್ಲಿ ಪ್ರಸಿದ್ಧರು. ಅವರ ಕವಂದಿಯು ಮೂಲೆಯಿಂದ ಆರಂಭವಾಗಿ, ಅಂಚನ್ನು ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಯುವದು. ಮೂಲೆಗಳಿಗೆ ಮಡಿಸಿದ ಅರಿವೆಯ ಹೂವುಗಳನ್ನು ಕೂಡಿಸದಿದ್ದರೆ ಅವರ ಲೆಕ್ಕದಲ್ಲಿ ಕವಂದಿ ಪೂರ್ತಿಯಾದಂತಲ್ಲ. ಸಿದ್ದಿಗಳಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ಹೊಲಿಗೆ ಮಾತ್ರ ಒಂದೇ. ಒಂದು ಕಡೆ ನಡುವಿನಿಂದ ಹೊರಕ್ಕೆ, ಇನ್ನೊಂದು ಕಡೆ ಅಂಚಿನಿಂದ ಒಳಕ್ಕೆ. ಇವೆರಡನ್ನೂ ಹೋಲಿಸಿ ನೋಡಿದ ವಿದ್ವಾಂಸರಿದ್ದಾರೆ. ಅವರ ವಾದಗಳೊಳಗೆ ಹೊಗುವದಕ್ಕೆ ಇಲ್ಲಿ ಎಡೆಯಿಲ್ಲ.

ಇನ್ನು ಮುಖ್ಯ ಕಥೆ. ವಿಲ್ಕಾಕ್ಸ್ ಪ್ರಾಂತದಲ್ಲಿ ಕಪ್ಪು ಜನರೇ ಬಹುಸಂಖ್ಯಾತರು. ಆದರೂ 1965ರವರೆಗೆ ಮತಪಟ್ಟಿಯಲ್ಲಿ ಅವರ ಹೆಸರು ಇಲ್ಲವೆಂಬಷ್ಟು ವಿರಳ. ಹೆಸರು ಬರೆಸಲು ನದಿಯಾಚೆಯ ಕ್ಯಾಮ್ಡೆನ್ ಎಂಬ ಪಟ್ಟಣಕ್ಕೆ ಹೋಗಬೇಕು. ಗೀಸ್ ಬೆಂಡಿನವರು ಹಾಗೆ ಹೋಗತೊಡಗಲು, 1962ರಲ್ಲಿ ನದಿಯನ್ನು ದಾಟಿಸುವ ದೋಣಿಯೇ ನಿಂತುಹೋಯಿತು. ಕಣ್ಣೆದುರಿಗೆ ಕಾಣುವ ಆಚೆಯ ದಡವನ್ನು ಸೇರಲು ಭೂಮಾರ್ಗವಾಗಿ ಸುತ್ತಿ ಒಂದು ತಾಸಿಗೂ ಮಿಕ್ಕಿದ ಪ್ರಯಾಣ. 1965ರ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯಿದೆ ಜಾರಿಗೆ ಬಂದಿತು. ಕಾಯಿದೆಯು ರಾಜಧಾನಿಯಲ್ಲಿ ಹುಟ್ಟುವದು ಬೇಗ, ಹಳ್ಳಿಗೆ ತಲಪುವದು ನಿಧಾನ. ಹೆಸರು ಬರೆಸಿದ ಗೇಣಿದಾರರನ್ನು ಜಮೀನುದಾರರು ಮನೆಬಿಡಿಸಿದರು; ಅಂಗಡಿಯಲ್ಲಿ ಉದ್ರಿ ನಿಂತಿತು; ತಲೆಮಾರುಗಳಿಂದ ವಾಸವಿದ್ದ ಗುಡಿಸಲಿನಿಂದ ಪಾತ್ರೆಪಡಗಗಳನ್ನು ಬೀದಿಗೆ ತಂದು ನಿಲ್ಲಬೇಕಾಯಿತು.

ಆ ವರ್ಷದ ಡಿಸೆಂಬರಿನಲ್ಲಿ ಫ್ರಾನ್ಸಿಸ್ ವಾಲ್ಟರ್ ಎಂಬ ಬಿಳಿಯ ಪಾದ್ರಿಯು ಇಂಥ ಅನ್ಯಾಯಗಳನ್ನು ಬರೆದುಕೊಳ್ಳುತ್ತ ಆ ಪ್ರಾಂತದಲ್ಲಿ ತಿರುಗುತ್ತಿದ್ದನು. ಪಾಸಮ್ ಬೆಂಡ್ ಎಂಬ ಹಳ್ಳಿಯ ಹತ್ತಿರ ದಾರಿತಪ್ಪಿ ಹೋಗುತ್ತಿರುವಾಗ, ಒಂದು ಗುಡಿಸಲಿನ ಮುಂದೆ ಹಗ್ಗದ ಮೇಲೆ ಒಣಹಾಕಿದ ಮೂರು ಕೌದಿಗಳನ್ನು ಕಂಡನು. ಕಪ್ಪುಬಿಳುಪಿನ, ಢಾಳವಾದ ಆ ಮಾದರಿಗಳು ಅವನನ್ನು ತಡೆದು ನಿಲ್ಲಿಸಿದವು. ಬಂಡಿಯಿಂದಿಳಿದು ಮನೆಯವರನ್ನು ಕೂಗಿದನು. ಬಿಳಿಯನೊಬ್ಬನು ಬರುತ್ತಿರುವದನ್ನು ಕಂಡ ಆ ಮನೆಯ ಹೆಂಗಸು ಹಿತ್ತಲ ಕಾಡಿನೊಳಗೆ ಓಡಿ ಅಡಗಿಕೊಂಡಳು. ಕೌದಿಗಳು ಹಗ್ಗದ ಮೇಲೆ, ಹೊಲಿದವಳು ಕಾಡಿನೊಳಗೆ, ಮೆಚ್ಚಿದವನು ಅಂಗಳದಲ್ಲಿ ಒಬ್ಬಂಟಿಗ. ಆ ಕಾಲದ ಅಲಬಾಮೆಯನ್ನು ತಿಳಿಯಲು ದೊಡ್ಡ ಇತಿಹಾಸಗ್ರಂಥ ಬೇಡ, ಇಷ್ಟು ಸಾಕು.

ವಾಲ್ಟರನು ಅಲ್ಲಿಗೆ ಬಿಡಲಿಲ್ಲ. ಮತ್ತೆ ಬಂದು, ಮನೆಮನೆಗೆ ಹೋಗಿ, ಒಂದಕ್ಕೆ 10 ಡಾಲರಿನಂತೆ ಕೌದಿಗಳನ್ನು ಕೊಂಡನು. ಅದುವರೆಗೆ ಅವಕ್ಕೆ ಅದರ ಅರ್ಧವೂ ಸಿಗುತ್ತಿರಲಿಲ್ಲ. 1966ರ ಮಾರ್ಚಿನಲ್ಲಿ ನ್ಯೂಯಾರ್ಕ್ ಪಟ್ಟಣದಲ್ಲಿ ಅವುಗಳ ಹರಾಜು ನಡೆಯಿತು. ಅದೇ ಮಾರ್ಚ್ 26ರಂದು ಕ್ಯಾಮ್ಡೆನ್ನಿನ ಒಂದು ಇಗರ್ಜಿಯಲ್ಲಿ ಕೌದಿಗಾರ್ತಿಯರು ಸಭೆಸೇರಿ ‘ಫ್ರೀಡಮ್ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರಿ ಸಂಘವನ್ನು ಸ್ಥಾಪಿಸಿದರು. ‘ಸ್ವಾತಂತ್ರ್ಯದ ಕೌದಿಕೂಟ’ ಎಂದು ಅದನ್ನು ಕನ್ನಡಿಸಬಹುದು. ಮೈಂಡರ್ ಕೋಲ್ಮನ್ ಮೊದಲನೆಯ ಅಧ್ಯಕ್ಷಿಣಿ. ಎಸ್ಟೆಲ್ ವಿದರ್‌ಸ್ಪೂನ್ ಎಂಬವಳು ವ್ಯವಸ್ಥಾಪಕಿಯಾಗಿ ಎರಡು ದಶಕಗಳ ಕಾಲ ಅದರ ಭಾರವನ್ನು ಹೊತ್ತಳು. ಸಭೆಯಲ್ಲಿ ಸೇರಿದವರೆಲ್ಲ ಹತ್ತಿ ಬಿಡಿಸಿ ಬೆರಳು ಬಿರಿದವರು. ಷೇರು, ಲಾಭಾಂಶ, ಲೆಕ್ಕತಪಾಸಣೆ ಮೊದಲಾದ ಮಾತುಗಳು ಅವರಿಗೆ ಹೊಸವು. ಆದರೆ ಕೂಡಿ ಕೂಡ್ರುವದು ಹೊಸದಲ್ಲ. ಚೌಕಟ್ಟಿನ ಸುತ್ತ ಯಾರ ಪಕ್ಕದಲ್ಲಿ ಯಾರು ಕುಳಿತರೆ ಹೊಲಿಗೆ ಸಮನಾಗುವದು, ಯಾರ ಮನೆಯಲ್ಲಿ ಬೇನೆ, ಯಾರಿಗೆ ಈ ವಾರ ಬಿಡುವಿಲ್ಲ ಎಂಬದೆಲ್ಲ ಅವರಿಗೆ ಮೊದಲೇ ಗೊತ್ತಿತ್ತು. ಸಹಕಾರದ ಮೇಲೆ ಪುಸ್ತಕಗಳನ್ನು ಬರೆದವರು ಸಾಮಾನ್ಯವಾಗಿ ಈ ಜ್ಞಾನವನ್ನು ಲೆಕ್ಕಕ್ಕೆ ಹಿಡಿಯುವದಿಲ್ಲ.

ಪಟ್ಟಣದ ದೊಡ್ಡ ಅಂಗಡಿಗಳಿಂದ ಬೇಡಿಕೆ ಬಂದಿತು. ನ್ಯೂಯಾರ್ಕಿನ ಬ್ಲೂಮಿಂಗ್‌ಡೇಲ್ಸ್ ಅಂಗಡಿಯು ಕೊಂಡಿತು. ಶೃಂಗಾರದ ಪತ್ರಿಕೆಗಳಲ್ಲಿ ಚಿತ್ರಗಳು ಬಂದವು. ಲೀ ಕ್ರಾಸ್ನರ್ ಎಂಬ ಪ್ರಸಿದ್ಧ ಚಿತ್ರಗಾರ್ತಿಯು 1967ರಲ್ಲಿ ತಾನಾಗಿ ಅಲ್ಲಿಯವರೆಗೆ ಬಂದಳು. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ಇಲ್ಲಿಯೇ ಒಂದು ತೊಡಕು ಹುಟ್ಟಿತು. ಅಂಗಡಿಯವನಿಗೆ ಒಂದು ಕೌದಿಯಂತೆ ಮತ್ತೊಂದು ಇರಬೇಕು. ಅಳತೆ ಒಂದೇ, ಬಣ್ಣ ಹೇಳಿದ್ದೇ, ಹೊಲಿಗೆ ಸಣ್ಣದು. ಇತ್ತ, ಮಾಡಿದ್ದನ್ನು ಮತ್ತೆ ಮಾಡದಿರುವದೇ ಈ ಹೆಂಗಸರ ಹೆಮ್ಮೆ. ನೆರೆಯವಳ ಮಾದರಿಯನ್ನು ನೋಡಿ ಕಲಿತರೂ ಹಾಗೆಯೇ ಇಳಿಸುವದು ಅವರಿಗೆ ಒಗ್ಗದು. ಕೈ ಹೋದಂತೆ ಕತ್ತರಿಸಿ, ಅರಿವೆ ಸಾಲದಾದರೆ ಬೇರೆ ಬಣ್ಣವನ್ನು ಕೂಡಿಸಿ, ಓರೆಯಾದದ್ದನ್ನು ಓರೆಯಾಗಿಯೇ ಅಂದಗೊಳಿಸುವವರಿಗೆ ಪಟ್ಟಿಕೋಲಿನ ಶಿಸ್ತು ಬಂದರೆ ಹೇಗಾದೀತು? ಕೆಲವರು ಒಗ್ಗಿಸಿಕೊಂಡರು. ಕೆಲವರು ಸಂಘವನ್ನು ಬಿಟ್ಟು ತಮ್ಮ ಮನೆಯಲ್ಲಿ ತಮ್ಮ ಮನಸ್ಸಿನಂತೆ ಹೊಲಿಯುತ್ತ ಉಳಿದರು.

ಇಲ್ಲಿ ಯಾರದು ಸರಿ? ಕಲಾರಸಿಕರು ಎರಡನೆಯವರ ಪಕ್ಷವನ್ನು ಹಿಡಿಯುವರು. ಆದರೆ ತಿಂಗಳ ಕೊನೆಗೆ ಕೂಲಿ ಬಂದರೆ ಮಕ್ಕಳ ಕಾಲಿಗೆ ಜೋಡು, ಬಾರದಿದ್ದರೆ ಇಲ್ಲ ಎಂಬಂಥವರ ಮುಂದೆ ರಸಿಕತೆಯ ವಾದವನ್ನು ಹೂಡುವದು ಸಭ್ಯತೆಯಲ್ಲ. ಹೊಲದ ಒಡೆಯನ ಅಂಕೆಯಿಲ್ಲದೆ ಆ ಹೆಂಗಸರು ಗಳಿಸಿದ ಮೊದಲ ಹಣವೆಂದರೆ ಅನೇಕರಿಗೆ ಇದೇ. ಸಮನಾದ ಹೊಲಿಗೆಯನ್ನು ಕಲಿತವರು ಕಲೆಯನ್ನು ಮಾರಿಕೊಂಡರೆಂದು ಹೇಳುವದಕ್ಕಿಂತ, ಮತ ಹಾಕಿದರೆ ಮನೆ ಹೋದೀತೆಂಬ ಹೆದರಿಕೆಯಿಂದ ಬಿಡುಗಡೆಯನ್ನು ಕೊಂಡರೆಂದು ಹೇಳುವದು ಹೆಚ್ಚು ನ್ಯಾಯ.

ಈ ಮಾತು ಅಲಂಕಾರವಲ್ಲ. ಸಂಘವು ತನ್ನ ಗಳಿಕೆಯಿಂದ ರೆಹೋಬೋತ್ ಎಂಬಲ್ಲಿ 23 ಎಕರೆ ಭೂಮಿಯನ್ನು ಕೊಂಡಿತು. 1969ರಲ್ಲಿ ಅಲ್ಲಿ ಹೊಲಿಗೆಯ ಮನೆ ಎದ್ದಿತು. ಹಿಂದಿನ ವರ್ಷ ಕೊಲೆಯಾದ ಮಾರ್ಟಿನ್ ಲೂಥರ್ ಕಿಂಗನ ಹೆಸರನ್ನು ಅದಕ್ಕಿಟ್ಟರು. ಉಳಿದ ಭೂಮಿಯಲ್ಲಿ ನಿವೇಶನಗಳನ್ನು ಮಾಡಿ, ಮತಪಟ್ಟಿಯಲ್ಲಿ ಹೆಸರು ಬರೆಸಿದ ತಪ್ಪಿಗಾಗಿ ಹೊರಹಾಕಲ್ಪಟ್ಟ ಕೆಲವು ಕುಟುಂಬಗಳಿಗೆ ಮಾರಿದರು. ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರವೂ ನಡೆಯಿತು. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದ ದುರ್ಯೋಧನನ ಮಾತನ್ನು ಮಹಾಭಾರತವನ್ನು ಓದಿದವರೆಲ್ಲ ಬಲ್ಲರು. ಇಲ್ಲಿ ಸೂಜಿಯ ಮೊನೆಯಿಂದಲೇ ನೆಲವು ಬಂದಿತು.

1972ರಲ್ಲಿ ಸಿಯರ್ಸ್ ಎಂಬ ಭಾರಿ ವ್ಯಾಪಾರದ ಮಂಡಳಿಯು ಕಾರ್ಡುರಾಯ್ ಎಂಬ ಗೆರೆಗೆರೆಯ ದಪ್ಪ ಅರಿವೆಯಿಂದ ದಿಂಬಿನ ಗವಸುಗಳನ್ನು ಹೊಲಿದುಕೊಡುವ ಗುತ್ತಿಗೆಯನ್ನು ಸಂಘಕ್ಕೆ ಕೊಟ್ಟಿತು. ಕೌದಿಯಲ್ಲ, ಗವಸು, ಯಂತ್ರದ ಹೊಲಿಗೆ, ಎಣಿಸಿ ಕೊಡುವ ಲೆಕ್ಕ. ಇದರಲ್ಲಿ ಸ್ವಂತ ಬುದ್ಧಿಗೆ ಎಡೆಯೇ ಇರಲಿಲ್ಲ. ಆದರೆ ಕತ್ತರಿಸಿ ಉಳಿದ ಚೂರುಗಳು ರಾಶಿರಾಶಿಯಾಗಿ ಬೀಳುತ್ತಿದ್ದವು. ಹೊನ್ನಿನ ಬಣ್ಣ, ಕಂದು, ಹಸುರು, ಕೆಂಪು. ಅವನ್ನು ಹೆಂಗಸರು ಮನೆಗೆ ಒಯ್ದರು, ನೆರೆಯವರಿಗೆ ಹಂಚಿದರು, ಸಂಘವನ್ನು ಬಿಟ್ಟವರಿಗೂ ಅವು ತಲಪಿದವು. ಆ ದಶಕದ ಗೀಸ್ ಬೆಂಡಿನ ಕೌದಿಗಳಲ್ಲಿ ಕಾರ್ಡುರಾಯಿಯ ಸೊಗಸಾದ ಪಟ್ಟಿಗಳು ಮತ್ತೆ ಮತ್ತೆ ಕಾಣುವದಕ್ಕೆ ಇದೇ ಕಾರಣ. ಹಗಲಲ್ಲಿ ಅಂಗಡಿಯವನ ಅಳತೆಗೆ ಕತ್ತರಿಸಿದ ಕೈಗಳು ರಾತ್ರಿ ಅದೇ ಅರಿವೆಯ ಚೂರುಗಳನ್ನು ತಮ್ಮ ಮನಬಂದಂತೆ ಕೂಡಿಸಿದವು. ಒಕ್ಕಣೆಯಾದ ಮೇಲೆ ಕಣದಲ್ಲಿ ಉಳಿದ ಕಾಳು ಆಯುವವರಿಗೆ ಸೇರುವಂತೆ, ಇಲ್ಲಿ ಚೂರು ಹೊಲಿಯುವವಳಿಗೆ ಸೇರಿತು.

ಕೀರ್ತಿ ಬಂದದ್ದು ತಡವಾಗಿ. 1997ರಲ್ಲಿ ‘ದೇವದಾರು ಕಾಯಿ’ಯಂತೆ ತ್ರಿಕೋನಗಳನ್ನು ಸುತ್ತುಸುತ್ತಾಗಿ ಜೋಡಿಸುವ ಒಂದು ಮಾದರಿಯನ್ನು ಅಲಬಾಮಾ ಸಂಸ್ಥಾನವು ತನ್ನ ಅಧಿಕೃತ ಕೌದಿಯೆಂದು ಸಾರಿತು. ಯಾವ ಸಂಸ್ಥಾನದಲ್ಲಿ ಇವರ ಹೆಸರನ್ನು ಮತಪಟ್ಟಿಯಲ್ಲಿ ಬರೆಯಲೊಲ್ಲದಿದ್ದರೋ ಅದೇ ಸಂಸ್ಥಾನವು. 2002ರಲ್ಲಿ ಹ್ಯೂಸ್ಟನ್ ಪಟ್ಟಣದ ಕಲಾಸಂಗ್ರಹಾಲಯದಲ್ಲಿಯೂ ಬಳಿಕ ನ್ಯೂಯಾರ್ಕಿನ ವ್ಹಿಟ್ನಿ ಸಂಗ್ರಹಾಲಯದಲ್ಲಿಯೂ ಗೀಸ್ ಬೆಂಡಿನ ಕೌದಿಗಳ ಪ್ರದರ್ಶನ ಏರ್ಪಟ್ಟಿತು. ಮಲಗಿದ ಮಕ್ಕಳ ಮೇಲಿದ್ದವು ಗೋಡೆಯ ಮೇಲೇರಿದವು. 2006ರಲ್ಲಿ ಅಂಚೆಯ ಇಲಾಖೆಯವರು ಹತ್ತು ಕೌದಿಗಳ ಚಿತ್ರಗಳನ್ನು ಅಂಚೆಚೀಟಿಗಳ ಮೇಲೆ ಅಚ್ಚುಹಾಕಿದರು. ಅದೇ ವರ್ಷ, 44 ವರ್ಷಗಳ ಮೇಲೆ, ಕ್ಯಾಮ್ಡೆನ್ನಿಗೆ ಹೋಗುವ ದೋಣಿಯೂ ಮತ್ತೆ ಆರಂಭವಾಯಿತು. ಎರಡರಲ್ಲಿ ಯಾವುದು ಹೆಚ್ಚಿನ ಗೌರವವೆಂದು ಊರಿನವರನ್ನೇ ಕೇಳಬೇಕು. ಕೀರ್ತಿಯ ಹಿಂದೆ ವ್ಯಾಜ್ಯವೂ ಬಂದಿತು. ಲಾಭದಲ್ಲಿ ತಮಗೆ ನ್ಯಾಯವಾದ ಪಾಲು ಮುಟ್ಟಲಿಲ್ಲವೆಂದು ಕೆಲವು ಕೌದಿಗಾರ್ತಿಯರು 2007ರಲ್ಲಿ ನ್ಯಾಯಾಲಯಕ್ಕೆ ಹೋದರು. ಮರುವರ್ಷ ಅದು ರಾಜಿಯಲ್ಲಿ ಮುಗಿಯಿತು.

ಸ್ವಾತಂತ್ರ್ಯದ ಕೌದಿಕೂಟವಾದರೋ ಈ ಗದ್ದಲದ ಹೊತ್ತಿಗೆ ಮುದಿಯಾಗಿತ್ತು. ಸದಸ್ಯರು ಒಬ್ಬೊಬ್ಬರಾಗಿ ತೀರಿಕೊಂಡರು. ಮಕ್ಕಳು ಕೆಲಸವನ್ನರಸಿ ಪಟ್ಟಣಗಳಿಗೆ ಹೋದರು. ಅಗ್ಗದ ಹೊದಿಕೆಗಳು ಎಲ್ಲ ಅಂಗಡಿಗಳನ್ನೂ ತುಂಬಿದವು. 2012ರಲ್ಲಿ ಸಂಘವು ಮುಚ್ಚಿತು. 46 ವರ್ಷಗಳು ಒಂದು ಸಹಕಾರಿ ಸಂಘಕ್ಕೆ ಕಡಿಮೆ ಆಯುಷ್ಯವಲ್ಲ. ಕನ್ನಡ ನಾಡಿನಲ್ಲಿ ಸಂಘಗಳ ಜಾತಕವನ್ನು ಕಂಡವರು ಈ ಮಾತನ್ನು ಒಪ್ಪುವರು.

ಗೀಸ್ ಬೆಂಡಿನಲ್ಲಿ ಹೊಲಿಗೆ ಮಾತ್ರ ನಿಂತಿಲ್ಲ. 2022ರಿಂದ ಅಲ್ಲಿ ಶರತ್ಕಾಲದಲ್ಲಿ ಒಂದು ದಿನ ಕೌದಿಗಳನ್ನೆಲ್ಲ ಹೊರಗೆ ತೆಗೆದು ಗಾಳಿಗೆ ಹಾಕುವ ಉತ್ಸವವನ್ನು ನಡೆಯಿಸಹತ್ತಿರುವರು. ಅಂಗಳಗಳಲ್ಲಿ ಹಗ್ಗ ಕಟ್ಟಿ ಹಳೆಯವನ್ನೂ ಹೊಸವನ್ನೂ ಇಳಿಬಿಡುವರು. ಪರಸ್ಥಳದವರು ತಂಡತಂಡವಾಗಿ ಬಂದು ನೋಡುವರು. ಹೊಲಿದವಳು ಹಗ್ಗದ ಪಕ್ಕದಲ್ಲಿಯೇ ಇರುವಳು; ಇದು ತಾಯಿಯದು, ಇದು ತನ್ನದು ಎಂದು ತೋರಿಸುವಳು; ಬೆಲೆಯನ್ನು ಕೇಳಿದರೆ ತಾನೇ ಹೇಳುವಳು.